ನಾನು ಯಾರು?

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

  

ಪಂಡಿತರು ನಿಲ್ಲಬೇಕಾದ ಈ ಸ್ಥಳದಲ್ಲಿ ಪಾತ್ರೆ ವ್ಯಾಪಾರಿಯೊಬ್ಬನನ್ನು ಸಮಿತಿಯವರು ನಿಲ್ಲಿಸಿದ್ದಾರೆ. ಶಾಸ್ತ್ರವನ್ನು ನಾನು ಸ್ವಾಧ್ಯಾಯದಲ್ಲಿ ಕೇಳಿ ತಿಳಿದವನೇ ಹೊರತು ಗುರುಮುಖದಿಂದ ಕ್ರಮವಾಗಿ ಕಲಿತವನಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸಿ, ನನ್ನ ಮನೆಯಲ್ಲಿ ಹುಟ್ಟಿದ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ.

ನನ್ನ ತೀರ್ಥರೂಪರು ಕೊನೆಯ ಮೂರು ವರ್ಷಗಳಲ್ಲಿ ಮರೆವಿನ ರೋಗಕ್ಕೆ ತುತ್ತಾದರು. ಮೊದಲು ಲೆಕ್ಕ ಮರೆತರು, ಆಮೇಲೆ ಬೀದಿ ಮರೆತರು, ಕಡೆಗೆ ನನ್ನನ್ನೇ ಮರೆತರು. ಪ್ರತಿದಿನ ಬೆಳಗ್ಗೆ ನಾನು ಹತ್ತಿರ ಹೋದಾಗ ಬಹಳ ಮರ್ಯಾದೆಯಿಂದ ‘ತಾವು ಯಾರು?’ ಎಂದು ಕೇಳುತ್ತಿದ್ದರು. ನಾನು ಹೆಸರು ಹೇಳಿದೆ, ತಿಳಿಯಲಿಲ್ಲ. ನಿಮ್ಮ ಮಗ ಎಂದೆ; ನಕ್ಕರು. ಸಂತೇಪೇಟೆಯ ಅಂಗಡಿಯ ಹೆಸರು ಹೇಳಿದೆ, ಅದೂ ತಿಳಿಯಲಿಲ್ಲ. ಹೇಳಲು ನನ್ನ ಬಳಿ ಬೇರೇನೂ ಉಳಿಯಲಿಲ್ಲ. ಐವತ್ತು ದಾಟಿದವನಿಗೆ ತಾನು ಯಾರೆಂದು ಹೇಳಲು ಹೆಸರು, ಸಂಬಂಧ, ಅಂಗಡಿ ಈ ಮೂರನ್ನು ಬಿಟ್ಟು ನಾಲ್ಕನೆಯ ಮಾತಿಲ್ಲವೇ ಎಂದು ಆ ದಿನ ನನಗೆ ದಿಗಿಲಾಯಿತು.

ನಮ್ಮ ಅಂಗಡಿಗೆ ಹಳೆಯ ಹಿತ್ತಾಳೆ, ತಾಮ್ರದ ಪಾತ್ರೆಗಳು ತೂಕಕ್ಕೆ ಬರುತ್ತವೆ. ಅನೇಕ ಪಾತ್ರೆಗಳ ಮೇಲೆ ಹೆಸರು ಕೊರೆಸಿರುತ್ತಾರೆ. ಯಾರದೋ ಮದುವೆಯ ಬಳುವಳಿ, ಯಾರದೋ ಅಜ್ಜಿಯ ನೆನಪು. ತಕ್ಕಡಿಗೆ ಹೆಸರು ಓದಲು ಬರುವುದಿಲ್ಲ. ಅದು ಲೋಹವನ್ನಷ್ಟೇ ತೂಗುತ್ತದೆ. ಕೊಪ್ಪರಿಗೆ ಕರಗಿ ಬಿಂದಿಗೆಯಾಗುತ್ತದೆ. ತಾಮ್ರ ತಾಮ್ರವಾಗಿಯೇ ಇರುತ್ತದೆ. ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಇಂಥದೇ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಬಂಗಾರದ ಕಲಶವನ್ನು ಮುರಿದು ಕಿರೀಟ ಮಾಡಿದರೆ ಕಲಶ ಬೇಕಾದವನಿಗೆ ದುಃಖ, ಕಿರೀಟ ಬೇಕಾದವನಿಗೆ ಸಂತೋಷ, ಬಂಗಾರವಷ್ಟೇ ಬೇಕಾದವನಿಗೆ ಸಮಭಾವ. ಹುಟ್ಟು, ಅಳಿವು, ನಿಲುಗಡೆ ಈ ಮೂರೂ ಒಂದೇ ವಸ್ತುವಿನಲ್ಲಿವೆ. ಬದಲಾಗುವುದು ಪರ್ಯಾಯ, ಉಳಿಯುವುದು ದ್ರವ್ಯ.

ಹಾಗಾದರೆ ನನ್ನಲ್ಲಿ ಉಳಿಯುವುದು ಯಾವುದು? ನೆನಪು ಎನ್ನೋಣವೇ? ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಲಾಕ್ ಎಂಬವರು, ಹಿಂದಿನ ಕಾರ್ಯಗಳು ತನ್ನವೆಂಬ ಪ್ರಜ್ಞೆ ಎಲ್ಲಿಯವರೆಗೆ ಹಿಂದಕ್ಕೆ ಚಾಚುವುದೋ ಅಲ್ಲಿಯವರೆಗೆ ಅದೇ ವ್ಯಕ್ತಿ ಎಂದು ವಾದಿಸಿದರು. ವ್ಯಾಪಾರಿಯಾದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಸಾಲ ಮಾಡಿದವನು ಮರೆತ ಮಾತ್ರಕ್ಕೆ ಸಾಲ ತೀರುವುದೇ? ಕರ್ಮದ ಖಾತೆಯಲ್ಲಿಯೂ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ ಎಂದಾದರೆ ಧರ್ಮಕ್ಕೆ ನೆಲೆಯೇ ಇರದು.

ನಮ್ಮ ಆಗಮದ ಉತ್ತರ ಬೇರೆ. ಅರಿಯುವುದು, ಕಾಣುವುದು ಎಂಬ ಉಪಯೋಗವೇ ಜೀವದ ಗುರುತೆಂದು ‘ತತ್ತ್ವಾರ್ಥಸೂತ್ರ’ ತಿಳಿಸುತ್ತದೆ. ನೆನಪು ಮತಿಜ್ಞಾನದ ಒಂದು ಭೇದ. ಜ್ಞಾನಾವರಣ ಕರ್ಮ ಅದನ್ನು ಮುಸುಕಬಹುದು. ಆದರೆ ನಿಗೋದದ ಅತಿಸೂಕ್ಷ್ಮ ಜೀವದಲ್ಲಿಯೂ ಅರಿವಿನ ಒಂದು ಅಂಶ ಮುಚ್ಚದೆ ಉಳಿದಿರುತ್ತದೆ. ಅದೂ ಮುಚ್ಚಿದರೆ ಜೀವ ಅಜೀವವಾಗಬೇಕಾದೀತು. ಮೋಡ ಎಷ್ಟೇ ಕವಿದರೂ ಹಗಲು ಹಗಲೇ.

ಇದನ್ನು ನಾನು ಕಣ್ಣಾರೆ ಕಂಡೆ. ಮಗನನ್ನು ಮರೆತ ತಂದೆಯವರು, ಹೊತ್ತು ಮುಳುಗಿದ ಮೇಲೆ ತಟ್ಟೆ ತಂದರೆ ಕಿಟಕಿಯ ಕಡೆ ನೋಡಿ ಅದನ್ನು ಸರಿಸಿಬಿಡುತ್ತಿದ್ದರು. ಪಂಚನಮಸ್ಕಾರ ಮಂತ್ರ ತುಟಿಯ ಮೇಲೆ ತಪ್ಪಿಲ್ಲದೆ ಬರುತ್ತಿತ್ತು. ಅವರು ತಮ್ಮ ಹೆಸರನ್ನು ಮರೆತಿದ್ದರು; ವ್ರತವನ್ನು ಮರೆಯಲಿಲ್ಲ.

ಇಲ್ಲಿ ನನ್ನದೊಂದು ಅಪರಾಧವನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ಆ ಕಾಲದಲ್ಲಿ ನಾವು ‘ಸಮಯಸಾರ’ದ ಸ್ವಾಧ್ಯಾಯ ಮಾಡುತ್ತಿದ್ದೆವು. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನದ ಮಾತು ನನಗೆ ಬಹಳ ಹಿಡಿಸಿತು; ಏಕೆಂದರೆ ಅದು ಅನುಕೂಲಕರವಾಗಿತ್ತು. ‘ಇದು ಅವರ ಕರ್ಮೋದಯ, ನಾವು ಕೇವಲ ಜ್ಞಾತೃಗಳು’ ಎಂದು ಹೇಳಿಕೊಂಡು ಅಂಗಡಿಯಲ್ಲಿ ತಡವಾಗಿ ಕುಳಿತೆ. ತಂದೆಯವರನ್ನು ತೊಳೆದು, ಬಟ್ಟೆ ಉಡಿಸಿ, ಉಣಿಸುವ ಭಾರವೆಲ್ಲ ನನ್ನ ಧರ್ಮಪತ್ನಿಯ ಮೇಲೆ ಬಿತ್ತು. ಒಂದು ರಾತ್ರಿ ಆಕೆ ಹೇಳಿದಳು: ‘ದೇಹ ಬೇರೆ ಎಂಬ ಮಾತನ್ನು ನಿಮ್ಮ ಆಯಾಸಕ್ಕೆ ಹೇಳಿಕೊಳ್ಳಿ, ಮಾವನವರ ಹಸಿವಿಗೆ ಹೇಳಬೇಡಿ.’

ನಾನು ಕೇಳಿದ ಪ್ರವಚನಗಳಲ್ಲೆಲ್ಲ ಇದಕ್ಕಿಂತ ತೀಕ್ಷ್ಣವಾದ ಮಾತು ಇನ್ನೊಂದಿಲ್ಲ. ಅನಂತರ ಗ್ರಂಥವನ್ನು ಮತ್ತೆ ತೆರೆದಾಗ, ಅದೇ ಕುಂದಕುಂದಾಚಾರ್ಯರು ವ್ಯವಹಾರನಯವಿಲ್ಲದೆ ಪರಮಾರ್ಥವನ್ನು ಉಪದೇಶಿಸಲಾಗದು ಎಂದೂ ಹೇಳಿರುವುದು ಕಂಡಿತು. ನಾನು ಎರಡು ಕಣ್ಣುಗಳಲ್ಲಿ ಒಂದನ್ನು ಮುಚ್ಚಿಕೊಂಡಿದ್ದೆ. ನಿಶ್ಚಯನಯದಿಂದ ನಾನು ಶುದ್ಧ ಚೈತನ್ಯ. ವ್ಯವಹಾರನಯದಿಂದ ನಾನು ಮಗ. ಮಗನ ಕರ್ತವ್ಯದಿಂದ ತಪ್ಪಿಸಿಕೊಳ್ಳಲು ಚೈತನ್ಯದ ಹೆಸರು ಹೇಳುವವನಿಗೆ ಎರಡೂ ಇಲ್ಲ. ಅನೇಕಾಂತವನ್ನು ವಾದಕ್ಕೆ ಮಾತ್ರ ಇಟ್ಟುಕೊಂಡು ಮನೆಯಲ್ಲಿ ಏಕಾಂತವಾದಿಗಳಾದರೆ ಏನು ಫಲ?

ಪೂಜ್ಯಪಾದರು ‘ಸಮಾಧಿತಂತ್ರ’ದಲ್ಲಿ ಬಹಿರಾತ್ಮ, ಅಂತರಾತ್ಮ, ಪರಮಾತ್ಮ ಎಂಬ ಮೂರು ಅವಸ್ಥೆಗಳನ್ನು ವಿವರಿಸಿದ್ದಾರೆ. ದೇಹವನ್ನೇ ನಾನೆನ್ನುವವನು ಬಹಿರಾತ್ಮ. ಒಳಗಿನ ಅರಿವನ್ನು ನಾನೆಂದು ನಂಬಿದವನು ಅಂತರಾತ್ಮ. ಎಲ್ಲ ಮಲ ಕಳೆದವನು ಪರಮಾತ್ಮ. ಆ ಆಚಾರ್ಯರ ಸ್ಮರಣೆಯನ್ನು ಪರಂಪರೆಯಿಂದ ಉಳಿಸಿಕೊಂಡು ಬಂದಿರುವ ಮಲೆಯೂರಿನ ಕನಕಗಿರಿ ನಮಗೆ ದೂರವಲ್ಲ. 1935ರಲ್ಲಿ ‘ಪ್ರವಚನಸಾರ’ವನ್ನು ವಿದ್ವತ್ಪೂರ್ಣವಾಗಿ ಸಂಪಾದಿಸಿ ಪ್ರಕಟಿಸಿದ ಡಾ. ಆ. ನೇ. ಉಪಾಧ್ಯೆಯವರು ತಮ್ಮ ಕೊನೆಯ ವರ್ಷಗಳಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿದ್ದರು. ನಿಧಿಯ ಮೇಲೆ ಮನೆ ಕಟ್ಟಿಕೊಂಡು ಅದನ್ನು ಅಗೆಯದವರಂತೆ ನಾವು ಬಾಳಬಾರದು.

ಬಂಧುಗಳೇ, ಈಗ ಈ ಬಿಂಬಕ್ಕೆ ಗರ್ಭ, ಜನ್ಮ, ದೀಕ್ಷಾ, ಕೇವಲಜ್ಞಾನ, ಮೋಕ್ಷ ಕಲ್ಯಾಣಗಳು ನೆರವೇರುತ್ತಿವೆ. ಜಿನಬಿಂಬದ ಮೇಲೆ ಆಭರಣವಿಲ್ಲ, ಆಯುಧವಿಲ್ಲ, ವಸ್ತ್ರವೂ ಇಲ್ಲ. ಹೆಸರು, ಸಂಬಂಧ, ಅಂಗಡಿ ಎಲ್ಲವನ್ನೂ ಕಳೆದ ಮೇಲೆ ಉಳಿಯುವ ‘ನಾನು’ ಹೇಗಿರಬಹುದೆಂಬುದನ್ನು ಅದು ಮೌನವಾಗಿ ತೋರಿಸುತ್ತಿದೆ. ನಾವು ದರ್ಶನ ಮಾಡುವುದು ವರ ಬೇಡಲು ಅಲ್ಲ. ಆ ಗುಣಗಳು ನಮ್ಮಲ್ಲಿಯೂ ಪ್ರಕಟವಾಗಲೆಂದು. ಪ್ರತಿದಿನ 48 ನಿಮಿಷಗಳ ಸಾಮಾಯಿಕದಲ್ಲಿ ಕುಳಿತು, ವ್ಯಾಪಾರಿಯು ವರ್ಷಕ್ಕೊಮ್ಮೆ ಅಂಗಡಿಯ ಸರಕನ್ನು ಎಣಿಸುವಂತೆ, ನಮ್ಮದೇನು, ನಮ್ಮದಲ್ಲದ್ದೇನು ಎಂದು ಎಣಿಸೋಣ. ಎದ್ದ ಮೇಲೆ ಮನೆಯ ಹಿರಿಯರ ಬಳಿಗೆ ಹೋಗೋಣ.

ಆಕೆಯ ಮಾತು ಕೇಳಿದ ಮರುದಿನದಿಂದ ಬೆಳಗಿನ ಸೇವೆ ನನ್ನದಾಯಿತು. ತಂದೆಯವರು ಎಂದಿನಂತೆ ‘ತಾವು ಯಾರು?’ ಎಂದರು. ‘ತಮ್ಮಂತೆಯೇ ಒಂದು ಜೀವ, ತಮ್ಮ ಸೇವೆಗೆ ಬಂದಿದ್ದೇನೆ’ ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನು ನೋಡಿ, ಮಂಚದ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿಕೊಟ್ಟರು. ಆ ಉತ್ತರವನ್ನು ನಾನು ಇನ್ನೂ ಅನುಭವದಿಂದ ಬಲ್ಲವನಲ್ಲ. ಶ್ರದ್ಧೆಯಿಂದ ಮಾತ್ರ ಹೇಳಬಲ್ಲೆ. ಶ್ರದ್ಧೆ ಅನುಭವವಾಗಲೆಂದು ಜಿನೇಶ್ವರನನ್ನು ಸ್ಮರಿಸಿ ವಿರಮಿಸುತ್ತೇನೆ.

ಜೈ ಜಿನೇಂದ್ರ.