ಹಾಡಿ ಕಲಿಯೋಣ ಇಂಗ್ಲಿಷ್



‘ಈ ವಯಸ್ಸಿನಲ್ಲಿ ನಮಗ್ಯಾಕೆ ಇಂಗ್ಲಿಷ್?’ ಅಂತ ನೀವು ಕೇಳಬಹುದು. ಸಾಲದ ಕಾಗದದಲ್ಲಿ ‘ಥರ್ಡ್ ಇನ್‌ಸ್ಟಾಲ್‌ಮೆಂಟ್’ ಎಂದಿದ್ದರೆ ಮೂರನೇ ಕಂತು, ಅಂದರೆ ಒಂದೇ ಕಂತು. ‘ತ್ರೀ ಇನ್‌ಸ್ಟಾಲ್‌ಮೆಂಟ್ಸ್’ ಎಂದಿದ್ದರೆ ಮೂರು ಕಂತು. ಕಂತು 500 ರೂಪಾಯಿ ಆದರೆ, ಮೊದಲನೆಯದಕ್ಕೆ ಕಟ್ಟೋದು 500, ಎರಡನೆಯದಕ್ಕೆ 1,500!

ಇದನ್ನು ಕಲಿಸುವ ಕ್ರಿಸ್‌ಮಸ್ ಹಾಡೊಂದಿದೆ: ‘ದ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’. 1780ರಲ್ಲಿ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾದದ್ದು. ಹನ್ನೆರಡು ದಿನ, ದಿನಕ್ಕೊಂದು ಹೊಸ ಉಡುಗೊರೆ. ಪ್ರತಿ ಸಲ ಹಿಂದಿನದನ್ನೆಲ್ಲ ಮತ್ತೆ ಹೇಳಬೇಕು. ಮಗ್ಗಿಯ ಹಾಗೆ ಬಾಯಿಗೆ ಬಂದುಬಿಡುತ್ತದೆ. ದಿನ ಎಣಿಸಲು ಫಸ್ಟ್, ಸೆಕೆಂಡ್, ಥರ್ಡ್. ಉಡುಗೊರೆ ಎಣಿಸಲು ಟೂ, ತ್ರೀ, ಫೋರ್.

ನಮ್ಮ ಸೂಳೆಕೆರೆಯಲ್ಲಿ ಹಕ್ಕಿ ಕಂಡರೆ ‘ಒಂದು ಹಕ್ಕಿ, ಎರಡು ಹಕ್ಕಿ’ ಅಂತೀವಿ. ಇಂಗ್ಲಿಷಿನಲ್ಲಿ ಒಂದಾದರೆ ಬರ್ಡ್, ಎರಡಾದರೆ ಬರ್ಡ್ಸ್. ಹೆಬ್ಬಾತು ಮಾತ್ರ ಬೇರೆ: ಒಂದು ಗೂಸ್, ಹಾಡಿನಲ್ಲಿ ಬರುವ ಆರಕ್ಕೆ ಗೀಸ್.

ವಾರದ ಸಭೆಯಲ್ಲಿ ಉಳಿತಾಯ ಬರೆದ ಮೇಲೆ ಹತ್ತು ನಿಮಿಷ ಹಾಡಿ. ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರೇ ನಮಗೆ ಟೀಚರ್. ಅರ್ಥ ತಿಳಿಯದ ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ, ಕೇಳಿ ತಿಳಿದುಕೊಳ್ಳಿ.