ಐದು ಹೆಸರುಗಳ ಊರು

ಮಂಗಳೂರಿಗೆ ನಾನು ಮೊದಲ ಸಲ ಹೋದದ್ದು ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ. ಮಳೆ ಹಿಡಿದಿತ್ತು. ಬಂದರಿನ ಬೀದಿಯ ಅಂಗಡಿಯೊಂದರಲ್ಲಿ ಕೊಡೆ ಕೊಳ್ಳಲು ನಿಂತೆ. ಅಂಗಡಿಯವರು ಮೂಟೆ ಹೊರುವಾತನೊಡನೆ ತುಳುವಿನಲ್ಲಿ, ಮಗನೊಡನೆ ಕೊಂಕಣಿಯಲ್ಲಿ, ಪಕ್ಕದಂಗಡಿಯ ಸಾಹೇಬರೊಡನೆ ಬ್ಯಾರಿ ಭಾಷೆಯಲ್ಲಿ ಮಾತನಾಡಿ, ನನ್ನ ಕಡೆ ತಿರುಗಿ, "ತಮಗೆ ಏನು ಬೇಕಾಗಿತ್ತು?" ಎಂದರು. ಒಂದಕ್ಷರವೂ ಜಾರದ ಪುಸ್ತಕದ ಕನ್ನಡ. ಮಂಡ್ಯದ ಸೀಮೆಯವನಾದ ನನಗೆ ಒಳಗೊಳಗೇ ನಗು ಬಂದಿತು. ಆ ನಗೆ ತಪ್ಪೆಂದು ಅರಿವಾಗಲು ಕೆಲವು ವರ್ಷಗಳೇ ಬೇಕಾದವು.

ಈ ಊರಿಗೆ ಒಂದು ಹೆಸರು ಸಾಲದು. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲೆಯಾಳಿಗಳಿಗೆ ಮಂಗಲಾಪುರ, ಕನ್ನಡದಲ್ಲಿ ಮಂಗಳೂರು. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಈ ಅಳಿವೆ ಬಂದವರಿಗೆಲ್ಲ ಬಾಗಿಲಾಗಿತ್ತು. 12ನೆಯ ಶತಮಾನದಲ್ಲಿ ಟ್ಯುನೀಸಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹಲವು ವರ್ಷ ಇಲ್ಲಿ ನೆಲೆಸಿ ವ್ಯಾಪಾರ ನಡೆಸಿದನು. ಅವನ ಕಾಗದಪತ್ರಗಳು ಮುಂದೆ ಕೈರೋ ನಗರದಲ್ಲಿ ದೊರೆತವು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಈ ರೇವನ್ನು ಕಂಡನು. ಬಂದ ಮಾತುಗಳು ಇದ್ದ ಮಾತುಗಳನ್ನು ಅಟ್ಟಲಿಲ್ಲ. ಒಂದರ ಮಗ್ಗುಲಿಗೆ ಇನ್ನೊಂದು ಮನೆ ಕಟ್ಟಿಕೊಂಡಿತು.

ಮನೆಯೊಳಗೆ ಅವರವರ ಮಾತು, ಬೀದಿಯಲ್ಲಿ ಹೆಚ್ಚಾಗಿ ತುಳು. ಹಾಗಾದರೆ ಕನ್ನಡಕ್ಕೆಲ್ಲಿ ಎಡೆ? ಶಾಲೆಯಲ್ಲಿ, ಪತ್ರಿಕೆಯಲ್ಲಿ, ತಾಳಮದ್ದಲೆಯ ಅರ್ಥಗಾರಿಕೆಯಲ್ಲಿ. ನಾನು ನಕ್ಕ ಆ ಪುಸ್ತಕದ ಕನ್ನಡದ ಮೂಲ ಇಲ್ಲಿದೆ. ಅದು ಕಲಿತ ಕನ್ನಡ. ಕಲಿತದ್ದರಿಂದಲೇ ಕಾಪಾಡಿದ ಕನ್ನಡ.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದದ್ದು ಈ ಊರಿನಲ್ಲಿ. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಪ್ರಕಟವಾದದ್ದೂ ಇಲ್ಲಿಯೇ. ಇವರಿಬ್ಬರೂ ಜರ್ಮನಿಯವರು. ಮಕ್ಕಳಿಗೆ ಕನ್ನಡದ ಹಾಡು, ಕಥೆಗಳನ್ನು ಕೊಟ್ಟ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. 1883ರಲ್ಲಿ ಮಂಗಳೂರಿನಲ್ಲಿ ಜನಿಸಿ, 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿಯೆನಿಸಿದ ಗೋವಿಂದ ಪೈಗಳದೂ ಕೊಂಕಣಿಯೇ.

ಕೇಳುಗ ಮಿತ್ರರೇ, ನಮ್ಮ ಭಾರತೀನಗರದ ಕಡೆ ಜಮೀನಿನ ಮಾತು ಬಂದಾಗ ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡು ಬಗೆ ಹೇಳುತ್ತೇವೆ. ಕನ್ನಡ ನಮಗೆ ಪಿತ್ರಾರ್ಜಿತ, ಅವರಿಗೆ ಸ್ವಯಾರ್ಜಿತ. ದುಡಿದು ಗಳಿಸಿದವನಿಗೆ ಬದುವಿನ ಒಂದೊಂದು ಕಲ್ಲೂ ಗೊತ್ತು. ಬಳುವಳಿಯಾಗಿ ಪಡೆದವನು ಪಹಣಿಯನ್ನೂ ತೆರೆದು ನೋಡಿರುವುದಿಲ್ಲ. ನಮ್ಮ ಆಡುಮಾತಿನ ಸೊಗಸು ದೊಡ್ಡದೇ, ಅದನ್ನು ಬಿಡಬೇಕಾಗಿಲ್ಲ. ಆದರೆ ನನ್ನ ಮೊಮ್ಮಗು ಕನ್ನಡದ ಒಂದು ಪುಟ ಓದಲು ತಡವರಿಸುವುದನ್ನು ಕಂಡಾಗ ಆ ಕೊಡೆಯಂಗಡಿಯವರು ನೆನಪಾಗುತ್ತಾರೆ. ಅಂದು ನಗಬೇಕಾದವರು ಅವರು, ನಾನಲ್ಲ.