ಆರಿದ ಒಲೆಯ ಬೂದಿ

ಅಮೆರಿಕಾ ದೇಶದ ಉತ್ತರ ಕೆರೊಲಿನಾ ಪ್ರಾಂತದ ಈಡನ್ ಪಟ್ಟಣದಲ್ಲಿ, ಡ್ಯಾನ್ ನದಿಯ ದಡದಲ್ಲಿ, ಕಲ್ಲಿದ್ದಲನ್ನುರಿಸಿ ವಿದ್ಯುತ್ತನ್ನು ಪಡೆಯುವ ಕಾರ್ಖಾನೆಯೊಂದಿದ್ದಿತು. 2012ರಲ್ಲಿ ಆ ಒಲೆಯು ಆರಿತು. ಅನೇಕ ವರ್ಷಗಳ ಬೂದಿಯು ಮಾತ್ರ ಹೊಳೆಯ ಮಗ್ಗುಲ ಹೊಂಡಗಳಲ್ಲಿಯೇ ಉಳಿಯಿತು. ಅದೇನು ಹಣೆಗೇರುವ ಭಸ್ಮವೇ? ಕಲ್ಲಿದ್ದಲಿನೊಳಗಣ ಆರ್ಸೆನಿಕ್ಕೆಂಬ ಪಾಷಾಣ, ಸೀಸ ಮೊದಲಾದವು ಬೆಂಕಿಯಲ್ಲಿ ನಾಶವಾಗದೆ ಬೂದಿಯಲ್ಲಿ ನಿಲ್ಲುವುವು. ಹೊಂಡದಡಿಯಲ್ಲಿ ಮಳೆನೀರು ಹೋಗಲೆಂದು ಹೂಳಿದ್ದ ಹಳೆಯ ಲೋಹದ ಕೊಳವೆಯು 2014ರ ಫೆಬ್ರುವರಿ 2ರಂದು ಮುರಿಯಲಾಗಿ, ಸುಮಾರು 39,000 ಟನ್ ಬೂದಿಯು ನದಿಗಿಳಿದು 70 ಮೈಲುಗಳವರೆಗೆ ಹಬ್ಬಿತು. 2015ರಲ್ಲಿ ಒಡೆಯರು ನ್ಯಾಯಸ್ಥಾನದಲ್ಲಿ ತಪ್ಪೊಪ್ಪಿ ದಂಡ ತೆತ್ತರು. ಬಾಚಿ ತೆಗೆದ ಬೂದಿಯು ಅಲ್ಪವೇ. ಮಿಕ್ಕುದು ಹೂಳಿನಲ್ಲಿ ಬೆರೆತುಹೋಯಿತು. ಕೆಳಗಣ ಡ್ಯಾನ್‌ವಿಲ್ ಪಟ್ಟಣದವರು ಕುಡಿಯುವುದು ಆ ಹೊಳೆಯ ನೀರನ್ನೇ.